ಹಿಂಟ್ ಹಾಕುವ ಮೊದಲು ಅಂದಾಜು ತೋರಿಸಿ

ಪ್ರಿಯ ಲೇಖಕರೇ,

ಡೇಟಾಬೇಸ್ ಪ್ಲ್ಯಾನರ್ (ಕ್ವೆರಿಯನ್ನು, ಅಂದರೆ ಮಾಹಿತಿ ಕೇಳುವ ಪ್ರಶ್ನೆಯನ್ನು, ಯಾವ ದಾರಿಯಲ್ಲಿ ಓಡಿಸಬೇಕೆಂದು ನಿರ್ಧರಿಸುವ ಭಾಗ) ಸರಿಯಾದ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಆರಿಸುವಂತೆ ಮಾಡುವುದರ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆರಿಸಿಕೊಂಡ ಉದಾಹರಣೆ ಬಹಳ ಚೆನ್ನಾಗಿದೆ. ಆದರೆ ಕಾಯಿಲೆ ಯಾವುದೆಂದು ನೋಡದೆ ಔಷಧ ಬರೆದಿದ್ದೀರಿ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 10 ಲಕ್ಷ ವಾಹನಗಳ ಟೇಬಲ್. ಒಂದು ಕಂಪನಿಯ ಒಂದು ಮಾದರಿಯಲ್ಲಿ ಇತ್ತೀಚೆಗೆ ನೋಂದಣಿಯಾದ 20 ಬೇಕು. ಪ್ಲ್ಯಾನರ್ ಕಂಪನಿ–ಮಾದರಿ ಇಂಡೆಕ್ಸ್ ಹಿಡಿಯಿತು, ಕ್ವೆರಿ ನಿಧಾನವಾಯಿತು, ನೀವು ಹಿಂಟ್ (ಪ್ಲ್ಯಾನರ್‌ಗೆ ಕೊಡುವ ನೇರ ಸೂಚನೆ) ಹಾಕಿ ದಿನಾಂಕದ ಇಂಡೆಕ್ಸನ್ನು ಹೇರಿದಿರಿ. ಪ್ಲ್ಯಾನರ್ ಎಡವಿದ್ದೆಲ್ಲಿ?

ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. ಆ ಕಂಪನಿಯದು ಹತ್ತರಲ್ಲಿ ಒಂದು ಪಾಲು, ಆ ಮಾದರಿಯದು ನೂರರಲ್ಲಿ ಒಂದು. ಎರಡಕ್ಕೂ ಸಂಬಂಧವಿಲ್ಲವೆಂದು ಭಾವಿಸಿ ಪ್ಲ್ಯಾನರ್ ಗುಣಿಸುತ್ತದೆ: 1,000 ಸಾಲು. ಮಾದರಿ ಗೊತ್ತಾದರೆ ಕಂಪನಿಯೂ ಗೊತ್ತಾದಂತೆಯೇ. ನಿಜಕ್ಕೂ ಇರುವುದು 10,000. ದಿನಾಂಕದ ಇಂಡೆಕ್ಸ್ ಹಿಡಿದು ಹೋದರೆ 20 ಸಿಗಲು 20,000 ಸಾಲು ದಾಟಬೇಕೆಂದು ಅದು ಲೆಕ್ಕಹಾಕಿತು. ಸುಮಾರು 2,000 ಸಾಕಿತ್ತು. ಹೀಗಾಗಿ 1,000 ಸಾಲು ಓದುವುದೇ ಅಗ್ಗವೆಂದು ಕಂಪನಿ–ಮಾದರಿ ಇಂಡೆಕ್ಸ್ ಹಿಡಿದು, 10,000 ಓದಬೇಕಾಯಿತು. ‘ಎಕ್ಸ್‌ಪ್ಲೇನ್ ಅನಲೈಸ್’ ಎಂಬ ಆದೇಶ 1,000ದ ಅಂದಾಜನ್ನೂ 10,000ದ ವಾಸ್ತವವನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ. ಲೇಖನದ ಜೀವ ಅಲ್ಲಿದೆ, ನೀವು ಅದನ್ನೇ ಬಿಟ್ಟಿದ್ದೀರಿ!

ಹಿಂಟ್ ಈ ಮಾದರಿಗೆ ಒಗ್ಗಿತು, ಸರಿ. ಟೇಬಲ್‌ನಲ್ಲಿ ಹದಿನೈದೇ ವಾಹನಗಳಿರುವ ಮಾದರಿಯನ್ನು ಕೇಳಿದರೆ ಅದೇ ಹಿಂಟ್ ಹತ್ತು ಲಕ್ಷ ಸಾಲನ್ನೂ ಓದಿಸುತ್ತದೆ. ನಿಮ್ಮನ್ನು ನಂಬಿ ಅದನ್ನು ನಕಲು ಮಾಡಿಕೊಂಡ ಓದುಗರ ಗತಿಯೇನು? 10ನೇ ಆವೃತ್ತಿಯಿಂದ ಇರುವ ‘ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್’ ಆದೇಶದ ಮೂಲಕ ಎರಡು ಕಾಲಂಗಳ ನಂಟನ್ನು ತಿಳಿಸಿ, ಅಂಕಿಅಂಶ ಸಂಗ್ರಹಿಸುವ ‘ಅನಲೈಸ್’ ಓಡಿಸಿ. ಬಳಿಕ ಪ್ಲ್ಯಾನರ್ ಆಯಾ ಮಾದರಿಗೆ ತಕ್ಕಂತೆ ತಾನೇ ಆರಿಸಬಲ್ಲದು.

ಅಲ್ಲಿಗೂ ನಿಲ್ಲಿಸಬೇಡಿ. ತಯಾರಿಕೆ ನಿಂತುಹೋದ ಮಾದರಿಯ ಸಾಲುಗಳೆಲ್ಲ ಹಳೆಯ ದಿನಾಂಕಗಳಲ್ಲೇ ಇರುತ್ತವೆ. ಅವು ಸಮನಾಗಿ ಹರಡಿವೆಯೆಂದೇ ಪ್ಲ್ಯಾನರ್ ನಂಬುವುದರಿಂದ ಈ ಉಪಾಯವೂ ಕೈಕೊಡುತ್ತದೆ. ಕಂಪನಿ–ಮಾದರಿ ಇಂಡೆಕ್ಸಿನ ಕೊನೆಗೆ ದಿನಾಂಕವನ್ನು ಸೇರಿಸಿದರೆ ಬೇಕಾದ 20 ಸಾಲು ನೇರವಾಗಿ, ವಿಂಗಡಿಸಿಯೇ ಸಿಗುತ್ತವೆ. ಇಂಥ ಕ್ವೆರಿ ದಿನವಿಡೀ ಓಡುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಬರೆಯುವಾಗ ತಗಲುವ ಹೆಚ್ಚುವರಿ ಕೆಲಸವನ್ನೂ ಹೇಳಿ.

ಬಿ-ಟ್ರೀ (ಇಂಡೆಕ್ಸಿನ ಒಳರಚನೆ) ಇತಿಹಾಸದ ಪೀಠಿಕೆಯನ್ನು ಪೂರ್ತಿ ತೆಗೆಯಿರಿ. ಆ ಜಾಗದಲ್ಲಿ ಹಿಂಟ್ ಇಲ್ಲದ, ಹಿಂಟ್ ಇರುವ ಎರಡೂ ಪ್ಲ್ಯಾನ್‌ಗಳನ್ನು ಇದ್ದ ಹಾಗೆಯೇ, ಆವೃತ್ತಿಯ ಸಂಖ್ಯೆಯೊಂದಿಗೆ ಹಾಕಿ ಮತ್ತೆ ಕಳುಹಿಸಿ. ಖಂಡಿತ ಓದುತ್ತೇನೆ.

— ಸಂಪಾದಕ