2022ರ ರಾಷ್ಟ್ರಪತಿ ಚುನಾವಣೆಯಲ್ಲಿ ಸಿಕ್ಕಿಂ ಯಾರಿಗೆ ಮತ ಹಾಕಿತು? ಅಷ್ಟು ಚಿಕ್ಕ ರಾಜ್ಯದ ಮತ ಲೆಕ್ಕಕ್ಕೆ ಬರುತ್ತದಾ?

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಸಿಕ್ಕಿಂ ವಿಧಾನಸಭೆಯಲ್ಲಿ 32 ಶಾಸಕರು. 2022ರ ಜುಲೈ 18ರಂದು 32 ಜನವೂ ಬಿಜೆಪಿ ಮೈತ್ರಿಕೂಟದ ಅಭ್ಯರ್ಥಿ ದ್ರೌಪದಿ ಮುರ್ಮು ಅವರಿಗೇ ಮತ ಹಾಕಿದರು. ವಿರೋಧ ಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾ ಅವರಿಗೆ ಅಲ್ಲಿಂದ ಒಂದು ಮತವೂ ಬೀಳಲಿಲ್ಲ. ಆ ಸಲ ದೇಶದಲ್ಲಿ ಒಟ್ಟು 53 ಮತ ಅಸಿಂಧುವಾದವು. ಅದರಲ್ಲಿ ಸಿಕ್ಕಿಂ ಶಾಸಕರದ್ದು ಒಂದೂ ಇರಲಿಲ್ಲ.

ಇದೇನು ಆಶ್ಚರ್ಯದ ಫಲಿತಾಂಶ ಅಲ್ಲ. ಆಗ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಅವರ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾದ ಕೈಯಲ್ಲಿ 19 ಸ್ಥಾನ, ಅದರ ಮಿತ್ರಪಕ್ಷ ಬಿಜೆಪಿ ಹತ್ತಿರ 12. 2019ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಅಲ್ಲಿ ಖಾತೆಯನ್ನೇ ತೆರೆದಿರಲಿಲ್ಲ. ಆಮೇಲೆ ಪಕ್ಷಾಂತರ, ಉಪಚುನಾವಣೆ ಎಲ್ಲ ಸೇರಿ 12 ಆಯಿತು. ಉಳಿದ ಒಂದು ಸ್ಥಾನ ಪವನ್ ಚಾಮ್ಲಿಂಗ್ ಅವರದ್ದು, 1994ರಿಂದ 2019ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಆ ಮತವೂ ಮುರ್ಮು ಅವರಿಗೇ ಹೋಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷ ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಆದೇಶ, ಕೊಡುವ ಹಾಗಿಲ್ಲ, ಮತ ಗುಪ್ತ. ಆದರೂ ಒಬ್ಬರೂ ಆಚೀಚೆ ಹೋಗಲಿಲ್ಲ. ರಸ್ತೆ, ಸೇತುವೆ, ಅನುದಾನ ಎಲ್ಲಕ್ಕೂ ದೆಹಲಿಯ ಕಡೆ ನೋಡಬೇಕಾದ ಗುಡ್ಡಗಾಡು ರಾಜ್ಯಕ್ಕೆ ಕೇಂದ್ರದ ಜೊತೆ ಚೆನ್ನಾಗಿರುವುದು ಮುಖ್ಯ ಅಂತ ನನಗೆ ಅನಿಸುತ್ತದೆ.

ಆ 32ರಲ್ಲಿ ಒಂದು ಮತ ನನಗೆ ತುಂಬಾ ಇಷ್ಟ. ಸಿಕ್ಕಿಂನಲ್ಲಿ 'ಸಂಘ' ಅಂತ ಒಂದು ಕ್ಷೇತ್ರ ಇದೆ. ಅದಕ್ಕೆ ಊರಿಲ್ಲ, ಗಡಿಯಿಲ್ಲ. ರಾಜ್ಯದ ಬೌದ್ಧ ಮಠಗಳಲ್ಲಿರುವ ಭಿಕ್ಷು ಭಿಕ್ಷುಣಿಯರೇ ಅದರ ಮತದಾರರು. ಇಂಥ ಕ್ಷೇತ್ರ ದೇಶದಲ್ಲಿ ಬೇರೆಲ್ಲೂ ಇಲ್ಲ. ಅವರು ಆರಿಸಿ ಕಳಿಸಿದ ಶಾಸಕರೂ ರಾಷ್ಟ್ರಪತಿಯನ್ನು ಆರಿಸುತ್ತಾರೆ.

ಇನ್ನು ಎರಡನೇ ಪ್ರಶ್ನೆ. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ಚುನಾವಣೆಯಲ್ಲಿ ಶಾಸಕರ ಒಂದು ಮತಕ್ಕೆ ಎಷ್ಟು ಮೌಲ್ಯ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆ ಲೆಕ್ಕವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಮಾಡಿಸುತ್ತೇನೆ. 1971ರ ಜನಸಂಖ್ಯೆ ತಗೊಳ್ಳಿ, ಶಾಸಕರ ಸಂಖ್ಯೆಯಿಂದ ಭಾಗಿಸಿ, ಆಮೇಲೆ 1000ದಿಂದ ಭಾಗಿಸಿ. ಸಿಕ್ಕಿಂನದ್ದು ಆಗ 2,09,843. ಲೆಕ್ಕ ಹಾಕಿದರೆ ಆರೂವರೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಅದನ್ನು 7 ಅಂತ ಹಿಡಿಯುತ್ತಾರೆ. ದೇಶದಲ್ಲೇ ಕಡಿಮೆ ಮೌಲ್ಯ ಇದು. ಕರ್ನಾಟಕದ ಶಾಸಕರ ಒಂದು ಮತಕ್ಕೆ 131, ಉತ್ತರ ಪ್ರದೇಶದ್ದಕ್ಕೆ 208.

ಒಂದು ವರ್ಷ ಬೋರ್ಡಿನಲ್ಲಿ 32 × 7 = 224 ಅಂತ ಬರೆದು ತಿರುಗಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, 224 ನಮ್ಮ ಎಮ್ಮೆಲ್ಲೆಗಳ ಲೆಕ್ಕ ಅಲ್ವಾ? ಹಾಗಾದ್ರೆ ನಮ್ಮ ಇಬ್ಬರು ಎಮ್ಮೆಲ್ಲೆ ಸೇರಿದ್ರೆ ಇಡೀ ಸಿಕ್ಕಿಂಗಿಂತ ಜಾಸ್ತಿ ಆಯ್ತಲ್ಲ ಸರ್, ಪಾಪ!" ಅಂದಳು. ಹೌದು, ಎರಡು 131 ಅಂದರೆ 262. ಇಡೀ ತರಗತಿಗೆ ಸಿಕ್ಕಿಂ ಮೇಲೆ ಕನಿಕರ ಬಂತು.

ಅವತ್ತು ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 7 ನೋಡಿ ಪಾಪ ಅನ್ನಬೇಡಿ, ಸಂಸದರ ಮತವನ್ನೂ ಸೇರಿಸಿ ನೋಡಿ. 2022ರಲ್ಲಿ ಸಂಸದರ ಒಂದು ಮತಕ್ಕೆ 700. ಯಾವ ರಾಜ್ಯದವರಾದರೂ ಅಷ್ಟೇ. ಸಿಕ್ಕಿಂಗೆ ಲೋಕಸಭೆಯಲ್ಲಿ ಒಂದು, ರಾಜ್ಯಸಭೆಯಲ್ಲಿ ಒಂದು ಸ್ಥಾನ. ಅಲ್ಲಿಗೆ 1,400 ಆಯಿತು. 32 ಶಾಸಕರು ಸೇರಿ ಹಾಕುವ ತೂಕದ ಆರು ಪಟ್ಟಿಗಿಂತ ಹೆಚ್ಚನ್ನು ಇಬ್ಬರೇ ಹಾಕುತ್ತಾರೆ. ಒಟ್ಟು 1,624. ಕರ್ನಾಟಕದ್ದು ಶಾಸಕರಿಂದ 29,344, ನಲವತ್ತು ಸಂಸದರಿಂದ 28,000, ಒಟ್ಟು 57,344. ಅಂದರೆ ಸಿಕ್ಕಿಂನ ಸುಮಾರು 35 ಪಟ್ಟು. 2011ರ ಜನಗಣತಿಯಲ್ಲಿ ಸಿಕ್ಕಿಂನಲ್ಲಿ 6.1 ಲಕ್ಷ ಜನ, ನಮ್ಮಲ್ಲಿ 6.1 ಕೋಟಿ. ಜನ ನೂರು ಪಟ್ಟು, ತೂಕ 35 ಪಟ್ಟು. ತಲೆ ಲೆಕ್ಕದಲ್ಲಿ ನೋಡಿದರೆ ಗ್ಯಾಂಗ್ಟಾಕ್‌ನವರ ತೂಕ ನಮ್ಮ ತುಮಕೂರಿನವರಿಗಿಂತ ಮೂರು ಪಟ್ಟಿನ ಹತ್ತಿರ! ಚಿಕ್ಕ ರಾಜ್ಯಕ್ಕೂ ಸಂಸತ್ತಿನಲ್ಲಿ ಜಾಗ ಇರಲೇಬೇಕು ಅಂತ ಮಾಡಿಟ್ಟ ವ್ಯವಸ್ಥೆಯ ಫಲ ಇದು. ನನ್ನ ಪ್ರಕಾರ ಇದು ಸರಿಯಾಗಿಯೇ ಇದೆ.

ಸರಿ ಅನಿಸದೇ ಇರುವುದು 1971. ಆ ವರ್ಷ ಸಿಕ್ಕಿಂ ಭಾರತದ ರಾಜ್ಯವೇ ಆಗಿರಲಿಲ್ಲ, ಅಲ್ಲಿ ಚೋಗ್ಯಾಲ್ ಅರಸರಿದ್ದರು. ಭಾರತಕ್ಕೆ ಸೇರಿದ್ದು 1975ರಲ್ಲಿ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟ ಆಗಬಾರದು ಅಂತ ಸಂವಿಧಾನಕ್ಕೆ ತಿದ್ದುಪಡಿ ತಂದು ಆ ಹಳೆಯ ಅಂಕಿಯನ್ನೇ ಉಳಿಸಿಕೊಂಡಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ 2011ರ ಅಂಕಿ ಹಾಕಿದರೆ ಸಿಕ್ಕಿಂ ಶಾಸಕರ ಮತ 7ರಿಂದ 19ಕ್ಕೆ ಏರುತ್ತದೆ. ನಮ್ಮದು 131ರಿಂದ 273, ಬರೀ ಎರಡು ಪಟ್ಟು ಚಿಲ್ಲರೆ. ಹಳೆಯ ಲೆಕ್ಕದಿಂದ ಸಿಕ್ಕಿಂ ಶಾಸಕರಿಗೆ ನಿಜವಾಗಿಯೂ ನಷ್ಟ ಆಗಿದೆ.

ಇನ್ನೊಂದು ವಿಷಯ. ಸಿಕ್ಕಿಂ ರಾಜ್ಯ ಆದ ಮೇಲೆ ಮೊದಲ ರಾಷ್ಟ್ರಪತಿ ಚುನಾವಣೆ ಬಂದದ್ದು 1977ರಲ್ಲಿ. ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡು, ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದ ಸಮಯ. ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಗೆದ್ದರು, ಮತದಾನವೇ ನಡೆಯಲಿಲ್ಲ. ಹಾಗಾಗಿ ಸಿಕ್ಕಿಂ ಶಾಸಕರು ಮೊದಲ ಸಲ ಮತ ಹಾಕಿದ್ದು 1982ರಲ್ಲಿ, ಜೈಲ್ ಸಿಂಗ್ ಮತ್ತು ಎಚ್.ಆರ್. ಖನ್ನಾ ಎದುರುಬದುರು ನಿಂತಾಗ.

ಮತಯಂತ್ರ ಇಲ್ಲದ ಚುನಾವಣೆ ಇದು. ಶಾಸಕರಿಗೆ ಗುಲಾಬಿ ಮತಪತ್ರ, ಸಂಸದರಿಗೆ ಹಸಿರು. ಆಯೋಗ ಕೊಟ್ಟ ನೇರಳೆ ಶಾಯಿಯ ಪೆನ್ನಿನಲ್ಲೇ 1, 2 ಅಂತ ಬರೆಯಬೇಕು, ಸ್ವಂತ ಪೆನ್ನು ಬಳಸಿದರೆ ಮತ ಅಸಿಂಧು. 2022ರಲ್ಲಿ ರಾಜ್ಯಗಳ ಮತಪೆಟ್ಟಿಗೆಗಳು ದೆಹಲಿಗೆ ವಿಮಾನದಲ್ಲಿ ಹೋದಾಗ ಪೆಟ್ಟಿಗೆಗೇ ಬೇರೆ ಟಿಕೆಟ್ ತೆಗೆಸಿದ್ದರು, 'ಮಿಸ್ಟರ್ ಬ್ಯಾಲೆಟ್ ಬಾಕ್ಸ್' ಅನ್ನುವ ಹೆಸರಿನಲ್ಲಿ. ಅಧಿಕಾರಿಯ ಪಕ್ಕದ ಸೀಟು ಅದಕ್ಕೆ.