ಗೆದ್ದ ಟಿಕೆಟಿನ ಹಿಂಬದಿಗೆ ಮೊದಲು ಸಹಿ ಬೀಳಲಿ

ಗುಂಡ್ಲುಪೇಟೆಯ ನಿವೃತ್ತ ಶಿಕ್ಷಕರೊಬ್ಬರು ನಮಗೆ ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಅವರ ತಮ್ಮ ಮತ್ತು ಅವನ ಇಬ್ಬರು ಗೆಳೆಯರು ಸುಲ್ತಾನ್ ಬತ್ತೇರಿಯಲ್ಲಿ ಸೇರಿ ಕೊಂಡ ಕೇರಳ ಲಾಟರಿ ಟಿಕೆಟಿಗೆ ದೊಡ್ಡ ಬಹುಮಾನ ಬಂದಿದೆಯಂತೆ. ಟಿಕೆಟನ್ನು ತನಗೆ ಕೊಟ್ಟರೆ ತೆರಿಗೆಯ ರಗಳೆಯಿಲ್ಲದೆ ಕೂಡಲೇ ನಗದು ಎಣಿಸುತ್ತೇನೆ ಎಂದು ಒಬ್ಬರು ಮನೆಯವರೆಗೂ ಬಂದು ಹೋಗಿದ್ದಾರೆ. ಗೆಳೆಯರೊಡನೆ ಪಾಲು ಹೇಗೆ, ನೆಂಟರಿಗೆ ಏನು ಹೇಳುವುದು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟರೆ ತೆರಿಗೆ ಉಳಿಯುವುದೇ ಎಂದು ಕೇಳಿರುವ ಅವರು, ಲಾಟರಿಯನ್ನು ಬೈಯಲು ಪುಟಗಟ್ಟಲೆ ಜಾಗ ಕೊಡುವ ನಿಮ್ಮ ಪತ್ರಿಕೆ ಗೆದ್ದವನು ಏನು ಮಾಡಬೇಕೆಂದು ಒಂದು ಸಾಲನ್ನೂ ಬರೆದಿಲ್ಲ ಎಂದು ನಮ್ಮನ್ನು ತರಾಟೆಗೂ ತೆಗೆದುಕೊಂಡಿದ್ದಾರೆ.

ತುರ್ತಿನ ಸಂಗತಿಗಳನ್ನು ಅವರಿಗೆ ದೂರವಾಣಿಯಲ್ಲೇ ತಿಳಿಸಿದ್ದೇವೆ. ಉಳಿದವರಿಗೂ ಬೇಕಾದೀತೆಂದು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೇಷ್ಟ್ರೇ, ಬಹುಮಾನದ ಮೊತ್ತ ಎಷ್ಟೆಂಬುದನ್ನು ನೀವು ಕಾಗದದಲ್ಲಿ ಎಲ್ಲಿಯೂ ಬರೆದಿಲ್ಲ. ಈ ವಿವೇಕ ನಿಮ್ಮ ತಮ್ಮನಿಗೂ ಇದ್ದಿದ್ದರೆ ನಗದು ಎಣಿಸುವ ಆಸಾಮಿ ನಿಮ್ಮ ಜಗುಲಿ ಹತ್ತುತ್ತಿರಲಿಲ್ಲ. ಕೇರಳ ಸರ್ಕಾರ ಓಣಂ ಹಬ್ಬಕ್ಕೆಂದು ನಡೆಸುವ ದೊಡ್ಡ ಲಾಟರಿಯಾದ ಓಣಂ ಬಂಪರಿನಲ್ಲಿ 2022ರಲ್ಲಿ 25 ಕೋಟಿ ಗೆದ್ದವರು ಕೆಲವೇ ದಿನಗಳಲ್ಲಿ, ಸಹಾಯ ಕೇಳಿ ಬರುವವರ ಕಾಟ ತಾಳಲಾರದೆ, ಗೆಲ್ಲದಿದ್ದರೇ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ಅಂಥದ್ದನ್ನು ಕಂಡ ಮೇಲೆ ಹೆಸರು ಪ್ರಕಟಿಸಬೇಡಿ ಎಂದು ಲಾಟರಿ ಇಲಾಖೆಯನ್ನು ಕೋರಿದ ವಿಜೇತರೂ ಉಂಟು.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿರುವುದರಿಂದ ತಮ್ಮನೇ ತಪ್ಪಿತಸ್ಥನಾಗುವನೋ ಎಂಬ ನಿಮ್ಮ ಅಳುಕು ಅನಗತ್ಯ. 1998ರ ಕೇಂದ್ರ ಕಾಯಿದೆ ರಾಜ್ಯಗಳಿಗೆ ಕೊಟ್ಟಿರುವುದು ತಮ್ಮ ಗಡಿಯೊಳಗೆ ಟಿಕೆಟ್ ಮಾರಾಟವನ್ನು ತಡೆಯುವ ಅಧಿಕಾರ. ಕೇರಳದಲ್ಲೇ ಕೊಂಡ ಟಿಕೆಟಿನ ಬಹುಮಾನವನ್ನು ನಮ್ಮವರು ಪಡೆಯಲು ಅಡ್ಡಿಯಿಲ್ಲ. 2024ರ ಓಣಂ ಬಂಪರಿನ ಮೊದಲ ಬಹುಮಾನ ಮಂಡ್ಯ ಜಿಲ್ಲೆಗೆ ಬಂದದ್ದು ಹಾಗೆಯೇ. ಆದರೆ ಟಿಕೆಟನ್ನು ಕೇರಳದಲ್ಲೇ ಕೊಂಡದ್ದೆಂದು ತೋರಿಸಲು ಬರಬೇಕು. 2023ರಲ್ಲಿ ಇದೇ ಬಂಪರನ್ನು ತಮಿಳುನಾಡಿನ ನಾಲ್ವರು ಗೆದ್ದಾಗ, ಆ ಟಿಕೆಟ್ ಕೇರಳದ ಹೊರಗೆ ಕಾಳಸಂತೆಯಲ್ಲಿ ಮಾರಾಟವಾದದ್ದೆಂಬ ದೂರು ಎದ್ದಿತ್ತು. ಆ ದಿನದ ಬಸ್ ಚೀಟಿ, ಹೋಟೆಲ್ ಬಿಲ್ಲು ಜೇಬಿನಲ್ಲಿ ಉಳಿದಿದ್ದರೆ ಎಸೆಯಬೇಡಿ.

ಇನ್ನು ಟಿಕೆಟಿನ ಮಾತು. ಹಿಂಬದಿಯಲ್ಲಿ ಹೆಸರು, ವಿಳಾಸ, ಸಹಿ ಬೀಳುವ ತನಕ ಅದು ಯಾರ ಕೈಯಲ್ಲಿದೆಯೋ ಅವರದೇ. ಆದ್ದರಿಂದ ಮೊದಲ ಕೆಲಸ ಅದು. ಎರಡೂ ಬದಿಯ ನಕಲು ತೆಗೆಸಿ, ಸಂಖ್ಯೆಯನ್ನು ಕೇರಳ ಸರ್ಕಾರದ ಗೆಜೆಟ್ಟಿನಲ್ಲಿ ಪ್ರಕಟವಾದ ಫಲಿತಾಂಶದೊಡನೆ ತಾಳೆ ನೋಡಿ, ಡ್ರಾ ಆದ 30 ದಿನಗಳೊಳಗೆ ಟಿಕೆಟನ್ನು ಒಪ್ಪಿಸಬೇಕು. ಒಂದು ಲಕ್ಷಕ್ಕೆ ಮೀರಿದ ಬಹುಮಾನವಾದರೆ ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೆ ನೇರವಾಗಿ ಇಲ್ಲವೆ ಬ್ಯಾಂಕಿನ ಮೂಲಕ ಹೋಗಬೇಕು. ಅರ್ಜಿ, ಭಾವಚಿತ್ರ, ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ ರಸೀದಿ, ಗುರುತಿನ ಚೀಟಿ, ಪ್ಯಾನ್ ಕಾರ್ಡ್ ಇವಿಷ್ಟು ಬೇಕು. ಹೊರರಾಜ್ಯದವರು ನೋಟರಿಯ ದೃಢೀಕರಣ ಮಾಡಿಸಿಕೊಂಡು ಹೋಗುವುದು ಕ್ಷೇಮ.

ಆ ಸಹಿಯ ಬೆನ್ನಿಗೇ, ಟಿಕೆಟ್ ಒಪ್ಪಿಸುವ ಮೊದಲೇ ಆಗಬೇಕಾದ ಕೆಲಸ ಮತ್ತೊಂದಿದೆ, ನಾವು ಹಟ ಹಿಡಿದು ಹೇಳುವುದೂ ಅದನ್ನೇ. ಮೂವರೂ ಕುಳಿತು ಛಾಪಾ ಕಾಗದದ ಮೇಲೆ ಯಾರ ಹಣ ಎಷ್ಟು, ಯಾರ ಪಾಲು ಎಷ್ಟು, ಬಹುಮಾನ ಪಡೆಯಲು ಯಾರಿಗೆ ಅಧಿಕಾರ ಎಂಬುದನ್ನು ಬರೆಯಿರಿ. 'ನಾವು ಅಣ್ಣತಮ್ಮಂದಿರಂತೆ ಇರುವವರು, ನಮ್ಮ ನಡುವೆ ಕಾಗದ ಯಾಕೆ' ಎಂದು ತಮ್ಮ ಹೇಳಿದನೆಂದು ನೀವೇ ಹೆಮ್ಮೆಯಿಂದ ಬರೆದಿದ್ದೀರಿ. ಆ ವಿಶ್ವಾಸದ ಬಗ್ಗೆ ನಮಗೆ ಗೌರವವಿದೆ. ಆದರೆ ಅಣ್ಣತಮ್ಮಂದಿರ ನಡುವಿನ ದಾವೆಗಳಿಂದಲೇ ನಮ್ಮ ತಾಲ್ಲೂಕು ನ್ಯಾಯಾಲಯಗಳ ಕಪಾಟುಗಳು ತುಂಬಿರುವುದನ್ನು ನೀವು ಕಂಡಿಲ್ಲವೆ? ಬಾಯಿಮಾತಿನಲ್ಲಿ ಬಿಟ್ಟರೆ ಜಗಳದ ಜೊತೆಗೆ ತೆರಿಗೆಯ ತೊಡಕೂ ಇದೆ. ಬಹುಮಾನವೆಲ್ಲ ತಮ್ಮನೊಬ್ಬನ ಹೆಸರಿಗೆ ಬಂದು, ಅವನು ಆಮೇಲೆ ಗೆಳೆಯರಿಗೆ ಪಾಲು ಕೊಟ್ಟರೆ, ತೆರಿಗೆ ಅಧಿಕಾರಿ ಅದನ್ನು ಉಡುಗೊರೆ ಎಂದು ಭಾವಿಸಬಹುದು. ಸಂಬಂಧಿಯಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗೆ ಮೀರಿ ಬಂದ ಉಡುಗೊರೆ, ಪಡೆದವರ ಆದಾಯವೆಂದೇ ಲೆಕ್ಕ. ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬಿದ್ದೀತು. ಟಿಕೆಟ್ ಕೊಂಡ ದಿನ ಗೆಳೆಯರು ತಮ್ಮ ಪಾಲನ್ನು ಫೋನ್‌ಪೇಯಲ್ಲಿ ಕಳಿಸಿದ್ದರೆ ಆ ದಾಖಲೆಯನ್ನು ಮುದ್ರಿಸಿ ಕರಾರಿಗೆ ಲಗತ್ತಿಸಿ, ಏಕೆಂದರೆ ಡ್ರಾ ಆದ ಮೇಲೆ ಬರೆದ ಕಾಗದಕ್ಕಿಂತ ಡ್ರಾಗೆ ಮುಂಚಿನ ಒಂದು ಸಾಲಿಗೆ ತೂಕ ಹೆಚ್ಚು. 2023ರಲ್ಲಿ ಕೇರಳದ ಪರಪ್ಪನಂಗಾಡಿಯಲ್ಲಿ ಮನೆಮನೆಯ ಕಸ ಸಂಗ್ರಹಿಸುವ 11 ಮಹಿಳೆಯರು ಚಂದಾ ಎತ್ತಿ 250 ರೂಪಾಯಿಯ ಟಿಕೆಟ್ ಕೊಂಡು ಮಾನ್ಸೂನ್ ಬಂಪರಿನ 10 ಕೋಟಿ ಗೆದ್ದರು. ಕೂಡಿ ಕೊಳ್ಳುವುದೂ ಕೂಡಿ ಪಡೆಯುವುದೂ ಸಾಧ್ಯವೆಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತೆರಿಗೆ ಕಹಿಯೆಂಬ ನಿಮ್ಮ ತಮ್ಮನ ಗೊಣಗಾಟವನ್ನೂ ಒಪ್ಪೋಣ. 2024ರ 25 ಕೋಟಿಯ ಬಂಪರನ್ನೇ ತೆಗೆದುಕೊಳ್ಳಿ. ಟಿಕೆಟ್ ಮಾರಿದ ಏಜೆಂಟರ ಪಾಲು ಆಗ ಶೇ 10, ಅಂದರೆ ಎರಡೂವರೆ ಕೋಟಿ. ಉಳಿದ 22.5 ಕೋಟಿಯಲ್ಲಿ ಶೇ 30ರಷ್ಟು, ಅಂದರೆ 6.75 ಕೋಟಿ, ಮೂಲದಲ್ಲೇ ಕಡಿತವಾಗಿ 15.75 ಕೋಟಿ ಖಾತೆಗೆ ಬರುತ್ತದೆ. ಇಷ್ಟಕ್ಕೆ ಮುಗಿಯಿತೆಂದು ತಿಳಿದವರು ಮುಗ್ಗರಿಸುವುದು ಇಲ್ಲಿಯೇ. ಆ ತೆರಿಗೆಯ ಮೇಲೆ, ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಶೇ 25ರ ಸರ್ಚಾರ್ಜ್ (ದೊಡ್ಡ ಆದಾಯಕ್ಕೆ ಬೀಳುವ ಹೆಚ್ಚುವರಿ ತೆರಿಗೆ), ಅವೆರಡರ ಮೊತ್ತದ ಮೇಲೆ ಶೇ 4ರ ಸೆಸ್ ಸೇರಿ ಇನ್ನೂ 2 ಕೋಟಿ 2.5 ಲಕ್ಷವನ್ನು ಗೆದ್ದವರೇ ಮುಂಗಡ ತೆರಿಗೆಯ, ಅಂದರೆ ಆರ್ಥಿಕ ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆಯ, ಕಂತಿನಲ್ಲಿ ಕಟ್ಟಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು 13 ಕೋಟಿ 72.5 ಲಕ್ಷ. ಟಿಕೆಟಿನ 500 ರೂಪಾಯಿಯನ್ನೂ ಖರ್ಚೆಂದು ಕಳೆಯಲು ಕಾನೂನು ಬಿಡುವುದಿಲ್ಲ. ಕಡಿತ ಆಯಿತಲ್ಲ ಎಂದು ಮನೆ, ಕಾರು, ಮದುವೆ ಎಂದು ಹೊರಟು ಮಾರ್ಚಿನಲ್ಲಿ ನೋಟಿಸು ಹಿಡಿದು ಆಡಿಟರ ಮನೆ ಹುಡುಕುವುದಕ್ಕಿಂತ, ಹಣ ಬಂದ ದಿನವೇ ಈ ಭಾಗವನ್ನು ಬೇರೆ ಖಾತೆಗೆ ಎತ್ತಿಡುವುದು ಮೇಲು.

ಕಹಿಯಾದರೂ ಈ ತೆರಿಗೆ ಕಟ್ಟಿದ ಹಣ ಬಿಳಿಯ ಹಣ. ಜಗುಲಿ ಹತ್ತಿದ ಆ ಮಹಾಶಯರಿಗೆ ಬೇಕಿರುವುದೂ ಅದೇ. ತಮ್ಮ ಕಪ್ಪು ಹಣವನ್ನು ನಿಮ್ಮ ತಮ್ಮನ ಕೈಗೆ ದಾಟಿಸಿ, ಟಿಕೆಟನ್ನು ತಾವೇ ಒಪ್ಪಿಸಿ, ಲಾಟರಿಯಲ್ಲಿ ಬಂತೆಂದು ತೋರಿಸಿಕೊಳ್ಳುವ ಹಳೆಯ ಕಸುಬು ಇದು. ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕೆ ಮೀರಿ ನಗದು ಪಡೆದರೆ ಪಡೆದಷ್ಟೇ ದಂಡವುಂಟು. ಚೀಲದಲ್ಲಿ ಬಂದ ಆ ಹಣದಿಂದ ಒಂದು ಸೈಟನ್ನಾದರೂ ನೆಮ್ಮದಿಯಾಗಿ ಕೊಳ್ಳಲು ಬಂದೀತೆ?

ಹಣ ಬಂದ ಮೇಲೆ ಆರು ತಿಂಗಳು ಏನನ್ನೂ ಕೊಳ್ಳದೆ ಸುಮ್ಮನಿರಲಿ. ಠೇವಣಿಯನ್ನು ಒಂದೇ ಕಡೆ ಇಡುವುದು ಬೇಡ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಗ್ರಾಹಕರು 35,000ಕ್ಕಿಂತ ಹೆಚ್ಚು ತೆಗೆಯಲಾಗದೆ ಬಾಗಿಲ ಮುಂದೆ ನಿಂತದ್ದು ಮರೆಯುವಂಥದ್ದಲ್ಲ. ಹೆಂಡತಿಯ ಹೆಸರಿಗೆ ದಾನವಾಗಿ ಇಟ್ಟರೂ ಅದರ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ನೆಂಟರಿಗೆ ಕೊಡುವುದಾದರೆ ದಾನವೋ ಸಾಲವೋ ಎಂಬುದನ್ನು ಬರೆದು, ಚೆಕ್ಕಿನಲ್ಲೇ ಕೊಡಲಿ. ಬಾಯಿಮಾತಿನ ಸಾಲದಲ್ಲಿ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗುವುದು ಇಂದು ನಿನ್ನೆಯ ಕತೆಯಲ್ಲ.

ಉಯಿಲನ್ನೂ ಈಗಲೇ ಬರೆಯಲಿ. ಸಾದಾ ಕಾಗದ, ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ. ತನ್ನ ದುಡ್ಡಿನಲ್ಲಿ ಕೊಂಡ ಟಿಕೆಟಿನ ಹಣ ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು. ಉಯಿಲಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಅವರಿರುವಾಗ ಅಣ್ಣನಾದ ನಿಮಗೆ ಏನೂ ಇಲ್ಲ. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆಸಿದವರು ಹಣವನ್ನು ವಾರಸುದಾರರ ಪರವಾಗಿ ಪಡೆಯುವವರಷ್ಟೇ, ಒಡೆಯರಲ್ಲ.

ಕೇರಳ ಸರ್ಕಾರ ಲಾಟರಿ ಗೆದ್ದವರನ್ನು ಕರೆದು ಹಣ ನಿರ್ವಹಣೆಯ ಪಾಠ ಹೇಳಿಸುವ ವ್ಯವಸ್ಥೆ ಮಾಡಿದೆ. ನಮ್ಮಲ್ಲಿ ಲಾಟರಿ ಇಲ್ಲದಿರಬಹುದು, ಆದರೆ ದೇವನಹಳ್ಳಿಯಿಂದ ಬಿಡದಿಯವರೆಗೆ ಭೂಸ್ವಾಧೀನದ ಪರಿಹಾರವಾಗಿ ಒಂದೇ ದಿನ ಲಕ್ಷ, ಕೋಟಿ ಕಂಡ ರೈತರೆಷ್ಟು ಮಂದಿ! ಅವರಿಗೆ ಪಾಠ ಹೇಳಿದವರು ಯಾರು? ಚೆಕ್ಕು ಬಂದ ಸುದ್ದಿ ಚೆಕ್ಕಿಗಿಂತ ಮೊದಲೇ ಬ್ಯಾಂಕಿನ ಒಳಕೋಣೆಗೆ ಮುಟ್ಟುತ್ತದೆ. ಅಲ್ಲಿ ಕಾಫಿ ತರಿಸಿ, ಠೇವಣಿಯೆಂದು ನಂಬಿಸಿ, ವರ್ಷವರ್ಷವೂ ಕಂತು ಕಟ್ಟಬೇಕಾದ ವಿಮೆ ಪಾಲಿಸಿಗೆ ಸಹಿ ಹಾಕಿಸುತ್ತಾರೆ. ಆ ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಓದಲಾರದ ಕಾಗದಕ್ಕೆ ಗುರುತು ಮಾಡಿದ ಕಡೆಯೆಲ್ಲ ಸಹಿ ಮಾಡುವ ಗತಿಯನ್ನು ಕನ್ನಡಿಗನಿಗೆ ಕನ್ನಡ ನಾಡಿನಲ್ಲೇ ತಂದಿಟ್ಟಿರುವುದು ನಾಚಿಕೆಗೇಡು. ನಿಮ್ಮ ತಮ್ಮ ಅಂಥ ಕೋಣೆಗೆ ಹೋಗುವ ದಿನ ನೀವೂ ಜೊತೆಗೆ ಹೋಗಿ, ಪ್ರತಿ ಹಾಳೆಯನ್ನೂ ಕನ್ನಡದಲ್ಲಿ ಹೇಳಿಸಿ. ಕಮಿಷನ್ನಿಗೆ ಮಾರುವವರ ಬದಲು, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾಗಿ ಶುಲ್ಕ ಪಡೆದು ಸಲಹೆ ಕೊಡುವವರನ್ನು ಹುಡುಕಿ.

ದೇವಸ್ಥಾನದ ಪ್ರಶ್ನೆ ಉಳಿಯಿತು. ಲಾಟರಿ ಆದಾಯದಿಂದ ದೇಣಿಗೆಯ ವಿನಾಯಿತಿಯನ್ನು ಕಳೆಯಲು ಬರುವುದಿಲ್ಲ, ಕೊಟ್ಟರೆ ಪುಣ್ಯವೊಂದೇ ಲಾಭ. ಕೊಡುವುದಾದರೂ ತೆರಿಗೆಯ ಕಂತೆಲ್ಲ ಕಟ್ಟಿದ ಮೇಲೆ, ಸಮಿತಿಯ ಹೆಸರಿಗೆ ಚೆಕ್ಕಿನಲ್ಲಿ ಕೊಟ್ಟು ರಸೀದಿ ಪಡೆಯಿರಿ. ಹುಂಡಿಗೆ ಹಾಕಬೇಡಿ.