ಬಲೆ ಬಿಡುವ ಕಡಲಲ್ಲಿ ಲಂಗರು ಎಲ್ಲಿ ಹಾಕಬೇಕು?

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ ಬೆಂಗಳೂರಿನ ಹಾಯಿದೋಣಿ ಆಸಕ್ತರ ಪತ್ರಗಳೂ ಹೆಚ್ಚಾಗುತ್ತವೆ. ಕೆರೆಯ ನಿಂತ ನೀರಿನಲ್ಲಿ ಹಾಯಿ ಕಲಿತವರಿಗೆ ಲಂಗರು ಒಂದು ಸಮಸ್ಯೆ ಅನ್ನಿಸುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಮಾತ್ರ ಅದೇ ಮೊದಲ ಪ್ರಶ್ನೆ, ಏಕೆಂದರೆ ಅಲ್ಲಿನ ನೀರಿನಲ್ಲಿ ಆಗಲೇ ಯಾರದ್ದೋ ದುಡಿಮೆ ಹರಡಿಕೊಂಡಿರುತ್ತದೆ. ಈ ಸಂಚಿಕೆಯ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ.

ಪ್ರಶ್ನೆ: ಸಮುದ್ರ ಯಾರ ಸ್ವತ್ತೂ ಅಲ್ಲ ಅಂದುಕೊಂಡಿದ್ದೆವು. ನಕ್ಷೆಯಲ್ಲಿ ನಿಷೇಧದ ಗುರುತು ಇಲ್ಲದ ಕಡೆ ಯಾಟ್ ನಿಲ್ಲಿಸಲು ಯಾರನ್ನಾದರೂ ಕೇಳಬೇಕೆ? — ಓದುಗರು, ಜಯನಗರ

ಕೇಳಬೇಕು. ಯಾರನ್ನು ಎನ್ನುವುದು ಜಾಗದ ಮೇಲೆ ಹೋಗುತ್ತದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ತನಕ ದೇಶದ ಪ್ರಾದೇಶಿಕ ಜಲ. ಅಷ್ಟರೊಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಇದಕ್ಕೆ ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ನವಮಂಗಳೂರು ಕೇಂದ್ರದ ದೊಡ್ಡ ಬಂದರು, ಅದರ ಮಿತಿಯೊಳಗೆ ಬಂದರಿನವರು ತೋರಿಸಿದ ಕಡೆ ಮಾತ್ರ ಲಂಗರು. ಕಾರವಾರ, ಹೊನ್ನಾವರ, ಮಲ್ಪೆಯಂಥ ಕಿರುಬಂದರುಗಳಲ್ಲಿ ಬಂದರು ಅಧಿಕಾರಿಯ ಕಚೇರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಮೀನುಗಾರಿಕಾ ಬಂದರಿನ ಧಕ್ಕೆ ಇರುವುದು ಮೀನು ಇಳಿಸುವುದಕ್ಕೆ. ಅಲ್ಲಿ ಜಾಗ ಖಾಲಿ ಕಂಡಿತೆಂದು ಹಗ್ಗ ಕಟ್ಟಬೇಡಿ, ನಸುಕಿಗೆ ಬರುವ ಬೋಟ್‌ಗೆ ಅದೇ ಜಾಗ ಬೇಕಾಗಿರುತ್ತದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ನೀರು. ಅದರ ಹತ್ತಿರವೂ ಸುಳಿಯಬೇಡಿ.

ನಕ್ಷೆ ಓದುವಾಗ ಮೂರು ಗುರುತುಗಳನ್ನು ಹುಡುಕಿ. ಅಡ್ಡಗೆರೆ ಹೊಡೆದ ಲಂಗರಿನ ಚಿತ್ರ ಇದ್ದರೆ ಅಲ್ಲಿ ಲಂಗರು ನಿಷಿದ್ಧ. ನೇರಳೆಗೆಂಪು ಬಣ್ಣದ ಅಲೆಗೆರೆ ಇದ್ದರೆ ಕೆಳಗೆ ಕೇಬಲ್ ಹೋಗಿದೆ. ಏಣಿಕಟ್ಟಿನಂಥ ಚೌಕುಳಿ ಗುರುತು (#) ಇದ್ದರೆ ತಳದಲ್ಲಿ ಲಂಗರು ಸಿಕ್ಕಿಕೊಳ್ಳುವಂಥ ಅಡ್ಡಿಗಳಿವೆ. ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಹದಿನೈದು ದಿನಕ್ಕೊಮ್ಮೆ ತಿದ್ದುಪಡಿ ಹೊರಡಿಸುತ್ತದೆ, ಅದನ್ನು ನೋಡದೆ ಹಳೆಯ ನಕ್ಷೆ ನಂಬಬೇಡಿ.

ಆದರೆ ನಿಜವಾದ ತೊಡಕು ನಕ್ಷೆಯಲ್ಲಿ ಬರದ ಸಂಗತಿಗಳಿಂದಲೇ. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯುವವರು ತೆಂಗಿನ ಹೊಂಬಾಳೆ, ಗಾಳಿಮರದ ಕೊಂಬೆ ಕಟ್ಟಿ ಮರಳುಚೀಲದ ಭಾರಕ್ಕೆ ಮುಳುಗಿಸಿಟ್ಟ ಮೀನುಗೂಡುಗಳು, ಅಳಿವೆಯಲ್ಲಿ ಪಂಜರದೊಳಗೆ ಮೀನು ಸಾಕುವವರ ಹಗ್ಗಗಳು, ಮೀನು ಮರಿ ಬೆಳೆಯಲೆಂದು ಇಳಿಸಿದ ಕೃತಕ ಬಂಡೆಗಳು, ರಾತ್ರಿ ಬಿಟ್ಟ ಬಲೆಗಳು. ಇವೆಲ್ಲ ಎಲ್ಲಿವೆ ಎಂದು ಗೊತ್ತಿರುವುದು ಧಕ್ಕೆಯವರಿಗೆ ಮಾತ್ರ. ಹಾಗಾಗಿ ಹಿಂದಿನ ಸಂಜೆಯೇ ಧಕ್ಕೆಗೆ ಹೋಗಿ, ‘ಇವತ್ತು ಬಲೆ ಎಲ್ಲಿ ಬಿಡ್ತೀರಿ, ನಾವು ಎಲ್ಲಿ ನಿಂತರೆ ತೊಂದರೆ ಇಲ್ಲ’ ಎಂದು ಕೇಳಿಬಿಡಿ. ಅವರು ತೋರಿಸಿದ ಜಾಗ ನಿಮ್ಮ ನಕ್ಷೆಯ ಜಾಗಕ್ಕಿಂತ ಯಾವಾಗಲೂ ಮೇಲು.

ಪ್ರಶ್ನೆ: ನಮ್ಮದು 11 ಮೀಟರ್ ದೋಣಿ. ಬಲೆಯ ಬಾವುಟದಿಂದ ಎಷ್ಟು ದೂರ ಲಂಗರು ಹಾಕಿದರೆ ಸಾಕು? 30 ಮೀಟರ್ ಬಿಟ್ಟಿದ್ದೆವು, ಆದರೂ ರಾತ್ರಿ ಬಲೆಯ ಮೇಲೆ ಹೋಗಿದ್ದೆವು. — ಓದುಗರು, ಮಲ್ಲೇಶ್ವರ

30 ಮೀಟರ್ ಏಕೆ ಸಾಲಲಿಲ್ಲ ಎಂದು ಲೆಕ್ಕ ಹಾಕಿ ನೋಡೋಣ. ಇಳಿತದ ಹೊತ್ತಿಗೆ ನೀರಿನ ಮೇಲ್ಮೈಯಿಂದ ಆಳ 4 ಮೀಟರ್ ಎಂದುಕೊಳ್ಳಿ. ನಿಮ್ಮ ಆಳಮಾಪಕ ಕೀಲ್‌ನ, ಅಂದರೆ ದೋಣಿಯ ಅಡಿಪಟ್ಟಿಯ, ಕೆಳಗಿನ ಆಳವನ್ನಷ್ಟೇ ತೋರಿಸುವಂತಿದ್ದರೆ ದೋಣಿ ನೀರಿನೊಳಗೆ ಎಷ್ಟು ಮುಳುಗಿದೆಯೋ ಅದನ್ನೂ ಕೂಡಿಸಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಉಬ್ಬರಕ್ಕೆ ನೀರು ಇನ್ನೂ 1.5 ಮೀಟರ್ ಏರುತ್ತದೆ. ದೋಣಿಯ ಮುಂತುದಿಯಲ್ಲಿ ಸರಪಳಿ ಹೊರಬೀಳುವ ಜಾಗ ನೀರಿನಿಂದ 1.2 ಮೀಟರ್ ಎತ್ತರ. ಒಟ್ಟು 6.7. ಸರಪಳಿ ಇದರ ಐದು ಪಟ್ಟು ಇರಬೇಕು, ಸುಮಾರು 35 ಮೀಟರ್. ಗಾಳಿ ಜೋರಿದ್ದರೆ ಅಥವಾ ಸರಪಳಿಗೆ ಹಗ್ಗ ಜೋಡಿಸಿದ್ದರೆ ಏಳು ಪಟ್ಟು, 47 ಮೀಟರ್. 35ಕ್ಕೆ ದೋಣಿಯ 11 ಸೇರಿದರೆ 46. ಅಂದರೆ ನಿಮ್ಮ ದೋಣಿ ಲಂಗರಿನ ಸುತ್ತ 92 ಮೀಟರ್ ಅಗಲದ ವೃತ್ತದಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಈ ವೃತ್ತ ಬರೀ ಲೆಕ್ಕದ್ದಲ್ಲ. ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಕಳೆದಂತೆ ದಡದಿಂದ ಬೀಸುತ್ತದೆ. ಸಂಜೆ ನಾಲ್ಕಕ್ಕೆ ಲಂಗರು ಹಾಕಿದಾಗ ದೋಣಿ ಲಂಗರಿನಿಂದ ದಡದ ಕಡೆಗೆ ಸರಿದು ನಿಂತಿರುತ್ತದೆ, ಬಲೆಯ ಬಾವುಟ ದೂರ ಕಾಣುತ್ತದೆ. ಬೆಳಗಿನ ಜಾವ ಅದೇ ದೋಣಿ ಲಂಗರನ್ನು ಸುತ್ತಿ ಕಡಲ ಕಡೆ, ಬಲೆಯ ಮೇಲೆ ಇರುತ್ತದೆ. ನಿಮಗೆ ಆದದ್ದು ಬಹುಶಃ ಇದೇ. ಅಳತೆಯನ್ನು ದೋಣಿಯಿಂದಲ್ಲ, ಲಂಗರು ಬಿದ್ದ ಬಿಂದುವಿನಿಂದ ಹಿಡಿಯಿರಿ. ತಳಕ್ಕೆ ಕಟ್ಟಿದ ಬಲೆಯಿದ್ದರೆ ನಿಮ್ಮ ವೃತ್ತದ ತ್ರಿಜ್ಯಕ್ಕಿಂತ ಎರಡು ಪಟ್ಟು ದೂರ ಇಡಿ, ಇಲ್ಲಿ ಸುಮಾರು 100 ಮೀಟರ್.

ತೇಲುಬಲೆಯ ಕಥೆಯೇ ಬೇರೆ. ನೀವು ಅದರ ಹತ್ತಿರ ಹೋಗದಿದ್ದರೂ ಅದೇ ನಿಮ್ಮ ಹತ್ತಿರ ಬರುತ್ತದೆ. ಹರಿವಿನ ವೇಗ ಒಂದು ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ) ಇದ್ದರೆ ಬಲೆ ಗಂಟೆಗೆ ಸುಮಾರು 1.85 ಕಿ.ಮೀ. ಸಾಗುತ್ತದೆ. ನೂರು ಮೀಟರ್ ಬಿಟ್ಟು ಪ್ರಯೋಜನವಿಲ್ಲ, ಹರಿವಿನ ದಾರಿಯಿಂದಲೇ ಪಕ್ಕಕ್ಕೆ ಸರಿಯಬೇಕು. ಬಲೆಯ ದಿಕ್ಕು ತಿಳಿಯಲು ಬೆಂಡುಗಳ ಸಾಲು ನೋಡಿ: ಸಾಮಾನ್ಯವಾಗಿ ಒಂದು ತುದಿಗೆ ದೋಣಿ ಕಟ್ಟಿರುತ್ತದೆ, ಇನ್ನೊಂದು ತುದಿಗೆ ಬಾವುಟ ಅಥವಾ ಮಿಣುಕುದೀಪ.

ಲಂಗರು ಕಚ್ಚಿದೆಯೇ ಎಂಬುದನ್ನೂ ಅಂದಾಜಿಗೆ ಬಿಡಬೇಡಿ. ದೋಣಿ ಹಿಂದಕ್ಕೆ ಜಾರುತ್ತಿರುವಾಗ ಸರಪಳಿಯನ್ನು ಸ್ವಲ್ಪಸ್ವಲ್ಪವೇ ಬಿಡಿ. ಒಂದೇ ಸಲ ಸುರಿದರೆ ಅದು ಲಂಗರಿನ ಮೇಲೆಯೇ ಗುಡ್ಡೆಯಾಗಿ ಬೀಳುತ್ತದೆ. ಪೂರ್ತಿ ಬಿಟ್ಟ ಮೇಲೆ ಎಂಜಿನ್ ರಿವರ್ಸ್‌ಗೆ ಹಾಕಿ ನಿಧಾನವಾಗಿ ವೇಗ ಏರಿಸಿ, ಬಿಗಿದ ಸರಪಳಿಯ ಮೇಲೆ ಅಂಗೈ ಇಡಿ. ಗಡಗಡ ನಡುಕ ಕೈಗೆ ಬಂದರೆ ಲಂಗರು ತಳದಲ್ಲಿ ಜಾರುತ್ತಿದೆ, ತಂತಿಯಂತೆ ಬಿಗಿದು ಸುಮ್ಮನೆ ನಿಂತರೆ ಕಚ್ಚಿದೆ. ಜೊತೆಗೆ ದಡದ ಒಂದು ತೆಂಗಿನಮರ ಮತ್ತು ಅದರ ಹಿಂದಿನ ಗೋಪುರ ಒಂದೇ ಗೆರೆಯಲ್ಲಿ ಕಾಣುವಂತೆ ಗುರುತಿಟ್ಟುಕೊಳ್ಳಿ. ಗೆರೆ ತಪ್ಪಿದರೆ ದೋಣಿ ಸರಿದಿದೆ. ಕೆಸರು ತಳಕ್ಕೆ ಅಗಲ ಹಲಗೆಯ ಡ್ಯಾನ್‌ಫೋರ್ತ್ ಲಂಗರು ಚೆನ್ನಾಗಿ ಹಿಡಿಯುತ್ತದೆ. ಗಾಳಿ ತಿರುಗಿದಾಗ ಕಿತ್ತುಕೊಳ್ಳುವ ಗುಣವೂ ಅದಕ್ಕಿದೆ. ಹಾಗಾಗಿ ಜಿಪಿಎಸ್ ಅಲಾರಂ ಇಟ್ಟುಕೊಂಡೇ ಮಲಗಿ.

ಪ್ರಶ್ನೆ: ಬೀಚ್ ಎದುರು ದಡದಿಂದ 200 ಮೀಟರ್ ದೂರದಲ್ಲಿ ನಿಂತಿದ್ದಾಗ ಬೆಳಿಗ್ಗೆ ಊರವರು ಬಂದು ಏಳಿಸಿದರು. ಅಲ್ಲಿ ಒಂದು ಬೆಂಡೂ ಇರಲಿಲ್ಲ. — ಓದುಗರು, ರಾಜಾಜಿನಗರ

ಬಹುಶಃ ಕೈರಂಪಣಿ ಎಳೆಯುವ ತೀರವಾಗಿತ್ತು. ದೋಣಿಯವರು ದಡದಲ್ಲಿ ಬಲೆಯ ಒಂದು ತುದಿ ಬಿಟ್ಟು, ಕಡಲಲ್ಲಿ ಅರ್ಧಚಂದ್ರದಂತೆ ಬಲೆ ಬಿಡುತ್ತ ಸುತ್ತುಹಾಕಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪು ನಿಂತು ಎರಡೂ ಕಡೆಯಿಂದ ಎಳೆಯುತ್ತದೆ. ಬಂಗುಡೆ, ಬೂತಾಯಿ ದಡಕ್ಕೆ ಬಂದ ಸೂಚನೆ ಕಂಡ ಮೇಲಷ್ಟೇ ಬಲೆ ಬೀಳುತ್ತದೆ, ಅದಕ್ಕೇ ನಿಮಗೆ ಮುಂಚೆ ಬೆಂಡು ಕಾಣಲಿಲ್ಲ. ಆ ಅರ್ಧಚಂದ್ರದ ನಡುವೆ ಒಂದು ಸರಪಳಿ ಇದ್ದರೂ ತಳಹಗ್ಗ ಅದಕ್ಕೆ ತಗುಲಿ ಮೇಲೇಳುತ್ತದೆ, ಅದರ ಕೆಳಗಿಂದ ಮೀನೆಲ್ಲ ಹೊರಗೆ. ಅಷ್ಟೂ ಜನರ ಆ ದಿನದ ಪಾಲು ಹೋಯಿತು. 1970ರ ದಶಕದ ಕೊನೆಗೆ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟ್‌ಗಳು ಬಂದ ಮೇಲೆ ದೊಡ್ಡ ರಂಪಣಿಗಳು ಕುಗ್ಗಿದವು, ಉಳಿದಿರುವ ಈ ಸಣ್ಣ ಬಲೆಗಳಿಗೆ ತೀರದ ನೀರು ಬಿಟ್ಟರೆ ಬೇರೆ ಜಾಗವಿಲ್ಲ. ಏಳಿಸಿದವರು ಸರಿಯಾಗಿಯೇ ಏಳಿಸಿದ್ದಾರೆ. ದಡದಲ್ಲಿ ಮಡಚಿಟ್ಟ ಬಲೆಯ ರಾಶಿ, ಮರಳಿನ ಮೇಲೆ ಎಳೆದಿಟ್ಟ ಉದ್ದ ದೋಣಿ ಕಂಡರೆ ಆ ತೀರದ ಎದುರು ಲಂಗರು ಹಾಕಬೇಡಿ.

ಪ್ರಶ್ನೆ: ರಾತ್ರಿ ತೇಲುಬಲೆ ಬಂದು ಸರಪಳಿಗೆ, ಆಮೇಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಏನು ಮಾಡಬೇಕು? ಕತ್ತರಿಸಬಹುದೆ? — ಓದುಗರು, ಹಲಸೂರು

ಸರಪಳಿಗೆ ಸುತ್ತಿದ ಬಲೆ ಪ್ರೊಪೆಲ್ಲರ್‌ಗೂ ಸುತ್ತುವುದು ಯಾರೋ ಗಾಬರಿಯಲ್ಲಿ ಎಂಜಿನ್ ಹಾಕಿದಾಗ. ಮೊದಲ ಕೆಲಸ ಎಂಜಿನ್‌ನ ಕೀಲಿ ಕೈ ತೆಗೆದಿಡುವುದು. ಡೆಕ್ಕಿನ ದೀಪಗಳನ್ನೆಲ್ಲ ಹಾಕಿ, ಹಾರ್ನ್ ಮಾಡಿ ಬಲೆಯವರನ್ನು ಕರೆಯಿರಿ. ಅವರು ತಮ್ಮ ತುದಿಯಿಂದ ಬಲೆ ಎಳೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆಗದಿದ್ದರೆ ಸರಪಳಿಯ ಕೊನೆಗೆ ಒಂದು ಫೆಂಡರ್ (ದೋಣಿಯ ಬದಿಗೆ ಕಟ್ಟುವ ಗಾಳಿ ತುಂಬಿದ ಮೆತ್ತೆ) ಕಟ್ಟಿ ಸರಪಳಿಯನ್ನೇ ನೀರಿಗೆ ಬಿಟ್ಟುಬಿಡಿ, ದೋಣಿ ಬಲೆಯಿಂದ ಪೂರ್ತಿ ಬಿಡಿಸಿಕೊಂಡ ಮೇಲೆ ಹಾಯಿಯಲ್ಲಿ ದೂರ ಸರಿದು, ಬೆಳಕಾದ ಮೇಲೆ ಬಂದು ಲಂಗರು ಎತ್ತಿಕೊಳ್ಳಿ. ಇದು ಸಾಧ್ಯವಾಗಬೇಕಾದರೆ ಸರಪಳಿಯ ಒಳತುದಿಯನ್ನು ದೋಣಿಗೆ ಶಾಕಲ್ (ಕಬ್ಬಿಣದ ಕೊಂಡಿ) ಹಾಕಿ ಬಿಗಿದಿರಬಾರದು. ಡೆಕ್ಕಿನ ತನಕ ಬರುವಷ್ಟು ಉದ್ದದ ಗಟ್ಟಿ ಹಗ್ಗದಲ್ಲಿ ಕಟ್ಟಿರಬೇಕು, ಹೊತ್ತಿಗೆ ಚಾಕುವಿನಿಂದ ಕೊಯ್ಯಲು ಬರುವಂತೆ. ಹೊರಡುವ ಮುಂಚೆಯೇ ತೆಗೆದು ನೋಡಿ.

ಪ್ರೊಪೆಲ್ಲರ್‌ಗೆ ಸುತ್ತಿಯೇ ಬಿಟ್ಟಿದ್ದರೆ ಬೆಳಕಿನಲ್ಲಿ, ಅಲೆ ಇಲ್ಲದಾಗ ಮಾತ್ರ ಇಳಿಯಿರಿ. ಅಲೆಗೆ ಎದ್ದು ಬೀಳುವ ದೋಣಿಯ ಹಿಂಭಾಗ ತಲೆಗೆ ಹೊಡೆದರೆ ಪ್ರಾಣಕ್ಕೆ ಅಪಾಯ. ಗರಗಸದ ಹಲ್ಲಿನ ಚಾಕು ಮಣಿಕಟ್ಟಿಗೆ ಕಟ್ಟಿಕೊಂಡಿರಲಿ. ಮೊದಲು ಪ್ರೊಪೆಲ್ಲರ್ ತಿರುಗಿಸುವ ದಂಡವಾದ ಶಾಫ್ಟನ್ನು ಕೈಯಲ್ಲಿ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ ಬಿಚ್ಚಲು ನೋಡಿ. ನೈಲಾನ್ ತಿಕ್ಕಾಟದ ಬಿಸಿಗೆ ಕರಗಿ ಶಾಫ್ಟಿನ ಮೇಲೆ ಗಟ್ಟಿ ಬಳೆಯಂತೆ ಕೂತಿರುತ್ತದೆ, ಅದಕ್ಕೆ ಹ್ಯಾಕ್ಸಾ ಬ್ಲೇಡ್ ಬೇಕು. ಕೊಯ್ಯುವುದು ಆ ಸುತ್ತುಗಳನ್ನಷ್ಟೇ. ಬೆಂಡು ಪೋಣಿಸಿದ ತಲೆಹಗ್ಗ ಕೊಯ್ಯಲೇಬೇಕಾದರೆ ಎರಡೂ ತುದಿಗಳನ್ನು ಮೊದಲೇ ದೋಣಿಗೆ ಕಟ್ಟಿಕೊಂಡು, ಕೊಯ್ದು, ಮತ್ತೆ ಗಂಟು ಹಾಕಿ ಬಿಡಿ. ತುದಿ ಕಳೆದುಹೋದ ಬಲೆ ಮುಳುಗಿ, ಯಾರಿಗೂ ಸಿಗದೆ, ತಿಂಗಳುಗಟ್ಟಲೆ ಮೀನು, ಆಮೆ ಕೊಲ್ಲುತ್ತಲೇ ಇರುತ್ತದೆ. ಆಮೇಲೆ ಶಾಫ್ಟಿನ ಸೀಲ್‌ನಲ್ಲಿ ನೀರು ಜಿನುಗುತ್ತಿದೆಯೇ ನೋಡಿ. ಸಣ್ಣ ನೈಲಾನ್ ಎಳೆ ಒಳಗೆ ಹೊಕ್ಕರೆ ಸೀಲ್ ಹರಿಯುತ್ತದೆ.

ಬಲೆ ಹರಿದಿದ್ದರೆ ಹೊತ್ತು, ಜಿಪಿಎಸ್ ಬಿಂದು ಬರೆದಿಟ್ಟು, ಫೋಟೊ ತೆಗೆದುಕೊಂಡು ನೀವೇ ಧಕ್ಕೆಗೆ ಹೋಗಿ ಹೇಳಿ. ಓಡಿಹೋದ ದೋಣಿಯ ಬಣ್ಣ, ಮಾಸ್ತಿನ (ಹಾಯಿಕಂಬದ) ಎತ್ತರ ಮಧ್ಯಾಹ್ನದೊಳಗೆ ಮುಂದಿನ ಬಂದರಿಗೆ ತಲುಪಿರುತ್ತದೆ.

ಪ್ರಶ್ನೆ: ಲಂಗರು ಹಾಕಿದಾಗ ದೀಪ ಯಾವುದು? — ಓದುಗರು, ಬಸವನಗುಡಿ

50 ಮೀಟರ್‌ಗಿಂತ ಚಿಕ್ಕ ದೋಣಿಗೆ ರಾತ್ರಿ ಸುತ್ತಲೂ ಕಾಣುವ ಒಂದು ಬಿಳಿ ದೀಪ, 2 ಮೈಲಿಗೆ ಕಾಣುವಂತೆ. ಹಗಲು ಮುಂಭಾಗದಲ್ಲಿ ಚೆಂಡಿನಾಕಾರದ ಒಂದು ಕಪ್ಪು ಗುರುತು. ಮಾಸ್ತಿನ ತುದಿಯ ದೀಪ ಒಂದನ್ನೇ ನೆಚ್ಚಬೇಡಿ. ತಗ್ಗಿನಲ್ಲಿ ಕೂತ ನಾಡದೋಣಿಯವರಿಗೆ ಹದಿನೈದು ಮೀಟರ್ ಎತ್ತರದ ಆ ದೀಪ ನಕ್ಷತ್ರದಂತೆ ಕಾಣುತ್ತದೆ, ಕೆಳಗಿನ ಒಡಲು ಕಾಣುವುದೇ ಇಲ್ಲ. ಡೆಕ್ಕಿನ ಮಟ್ಟದಲ್ಲಿ ಇನ್ನೊಂದು ದೀಪ ಉರಿಯಲಿ. ಎದುರಿನವರ ದೀಪವೂ ಗೊತ್ತಿರಲಿ: ಹಸಿರಿನ ಕೆಳಗೆ ಬಿಳಿ ಇದ್ದರೆ ಬಲೆ ಎಳೆದುಕೊಂಡು ಸಾಗುವ ಟ್ರಾಲ್‌ಬೋಟ್, ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಲೆಯವರು. ಹಾಯಿಯಲ್ಲಿ ಸಾಗುವವರೂ ಬಲೆಯಲ್ಲಿ ತೊಡಗಿದವರಿಗೆ ದಾರಿ ಬಿಡಬೇಕೆಂಬುದು ಅಂತಾರಾಷ್ಟ್ರೀಯ ನಿಯಮ.

ಪ್ರಶ್ನೆ: ಜೂನ್–ಜುಲೈನಲ್ಲಿ ಮೀನುಗಾರಿಕೆ ನಿಷೇಧ. ಆಗ ನಿಂತರೆ ಯಾರಿಗೂ ತೊಂದರೆ ಇಲ್ಲವಲ್ಲ? — ಓದುಗರು, ವಿಜಯನಗರ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಯಾಂತ್ರೀಕೃತ ಬೋಟ್‌ಗಳಿಗೆ. ನಾಡದೋಣಿಗಳು ಆಗಲೂ ದಡದ ಹತ್ತಿರವೇ ಬಲೆ ಬಿಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಂಗಾರಿನ ಕಡಲಿನಲ್ಲಿ ತೆರೆದ ತೀರದ ಎದುರು ಯಾವ ಲಂಗರೂ ನಂಬಿಕೆಗೆ ಅರ್ಹವಲ್ಲ. ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತದೆ, ಒಳಗೆ ಬಂದರಿನ ತುಂಬ ನಿಲ್ಲಿಸಿದ ಬೋಟ್‌ಗಳು. ಹೋಗಬೇಡಿ.

ಪ್ರಶ್ನೆ: ನೇತ್ರಾಣಿಯಲ್ಲಿ ಒಂದು ರಾತ್ರಿ ನಿಲ್ಲಬಹುದೆ? — ಓದುಗರು, ಯಲಹಂಕ

ಬೇಡ. ಮುರುಡೇಶ್ವರದ ಎದುರಿನ ಈ ನಡುಗಡ್ಡೆಯ ಸುತ್ತ ಹವಳವಿದೆ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಗಾಳಿ ತಿರುಗಿದಾಗಲೆಲ್ಲ ಸರಪಳಿ ತಳವನ್ನು ಗುಡಿಸುತ್ತದೆ, ಒಂದು ರಾತ್ರಿಯಲ್ಲಿ ಉಜ್ಜಿಹೋದದ್ದು ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗವೂ ಹೌದು.

ಪ್ರಶ್ನೆ: ವಿದೇಶಿ ಗೆಳೆಯರೊಬ್ಬರು ತಮ್ಮ ಯಾಟ್‌ನಲ್ಲಿ ಬರುತ್ತಿದ್ದಾರೆ. ದಾರಿಯಲ್ಲಿ ಗೋಕರ್ಣದ ಎದುರು ಎರಡು ದಿನ ನಿಲ್ಲಬಹುದೆ? — ಓದುಗರು, ಇಂದಿರಾನಗರ

ಸುಂಕ ಮತ್ತು ವಲಸೆ ತಪಾಸಣೆಯ ಬಂದರಿಗೆ ಹೋಗಿ ಕಾಗದ ಮುಗಿಸುವ ಮುಂಚೆ ಆಗುವುದಿಲ್ಲ. ವಿಶ್ವಸಂಸ್ಥೆಯ ಕಡಲ ಕಾನೂನಿನ 18ನೇ ವಿಧಿಯ ಪ್ರಕಾರ ಹಾದುಹೋಗುವ ಹಕ್ಕಿನಲ್ಲಿ ಲಂಗರು ಹಾಕುವುದು ಸೇರುವುದು ಸಾಮಾನ್ಯ ನೌಕಾಯಾನಕ್ಕೆ ಅಗತ್ಯವಾದಷ್ಟು ಮಾತ್ರ, ಇಲ್ಲವೇ ಅಪಾಯ, ಅನಿವಾರ್ಯತೆ ಬಂದಾಗ. ತೀರ ಚೆನ್ನಾಗಿದೆ ಎಂಬುದು ಅದರಲ್ಲಿ ಬರುವುದಿಲ್ಲ. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಬಳಸಿದರೆ ನಮ್ಮಲ್ಲಿ ಗಂಭೀರ ಪ್ರಕರಣವಾಗುತ್ತದೆ, ಇದನ್ನು ಅವರಿಗೆ ಹೊರಡುವ ಮುಂಚೆಯೇ ಬರೆದು ತಿಳಿಸಿ. 2008ರ ಮುಂಬೈ ದಾಳಿಯ ನಂತರ ಗುರುತಿಲ್ಲದ ದೋಣಿ ಕಂಡರೆ ಮೀನುಗಾರರೇ ಕರಾವಳಿ ಕಾವಲು ಪೊಲೀಸರಿಗೆ ತಿಳಿಸುತ್ತಾರೆ. ಆ ಸಂಖ್ಯೆ 1093, ಕೋಸ್ಟ್ ಗಾರ್ಡ್‌ನದು 1554. ನಿಜವಾಗಿ ಎಂಜಿನ್ ಕೆಟ್ಟು ಅಥವಾ ಗಾಳಿಗೆ ಸಿಕ್ಕಿ ನಿಲ್ಲಬೇಕಾಗಿ ಬಂದರೆ ನಿಮ್ಮ ಗೆಳೆಯರೇ ಮೊದಲು ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ದೋಣಿಯ ಹೆಸರು, ಬಿಂದು, ಜನರ ಸಂಖ್ಯೆ, ಕಾರಣ ಹೇಳಲಿ, ಆಮೇಲೆ ಲಂಗರು ಬಿಡಲಿ.